ನಲವತ್ತು ದಿನ ಕಾಯುವ ಮನುಷ್ಯ

ಕಳೆದ ಭಾನುವಾರ ಬೆಳಿಗ್ಗೆ ಸೆಲ್ವಿ ಫೋನ್ ಮಾಡಿದ್ದಳು. ದೊಡ್ಡನೆಕ್ಕುಂದಿಯ ನಮ್ಮ ಹಳೆಯ ಆಫೀಸಿನಲ್ಲಿ ಸ್ಟೋರೇಜ್ ವಿಭಾಗ ನೋಡಿಕೊಳ್ಳುತ್ತಿದ್ದ ಹಿರಿಯರು ಹೋದ ತಿಂಗಳು ತೀರಿಕೊಂಡರಂತೆ.

"ಶುಕ್ರವಾರ ನಲವತ್ತನೇ ದಿನದ್ದು ಅಕ್ಕಾ. ಕುಕ್ ಟೌನ್ ಮನೇಲೇ ಇಟ್ಕೊಂಡಿದಾರೆ. ಅವ್ರ ಮಗಳು ಕೇಳಿದ್ರು, ಯೂನಿವರ್ಸಿಟಿ ಆಂಟಿ ಬರ್ತಾರಾ ಅಂತ," ಎಂದಳು. ಆಮೇಲೆ, "ಆವತ್ತು ಡಿಸ್ಕ್ ಕೈಕೊಟ್ಟಾಗ ಭಾಯ್ ಇಲ್ದೇ ಹೋಗಿದ್ರೆ ನನ್ನ ಗತಿ ಏನಾಗ್ತಿತ್ತು ಹೇಳಿ," ಎಂದಳು.

ಡಿಸ್ಕ್ ಕೈಕೊಟ್ಟಿರಲಿಲ್ಲ. ಸೆಲ್ವಿಯ ಎರಡು ವರ್ಷದ ಕೆಲಸವನ್ನು ಅಳಿಸಿಹಾಕಿದ್ದು ನಾನು. ಅದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಫೋನ್ ಇಟ್ಟ ಮೇಲೆ ಅವರು ಕೊಟ್ಟಿದ್ದ ಹಳೆಯ ಪುಸ್ತಕವೊಂದನ್ನು ತೆರೆದೆ. ಅಳು ಬರಬೇಕಿತ್ತು. ಸಿಟ್ಟು ಬಂತು, ಅದೂ ಸತ್ತವರ ಮೇಲೆ. ಯಾಕೆಂದು ಬರೆದು ನೋಡುತ್ತೇನೆ. ಆ ವರ್ಷಗಳ ನನ್ನ ದಿನಚರಿ ಪಕ್ಕದಲ್ಲಿದೆ. ನೆನಪು ಒಂದು ಹೇಳಿ ದಿನಚರಿ ಇನ್ನೊಂದು ಹೇಳಿದರೆ ಎರಡನ್ನೂ ಬರೆಯುವುದೆಂದುಕೊಂಡಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ ಅವರಿಗೆ ಐವತ್ತು ದಾಟಿತ್ತು. ಯಂತ್ರದ ಕೋಣೆಯ ಹೊಸ್ತಿಲಲ್ಲಿ ಎಲ್ಲರೂ ಚಪ್ಪಲಿ ಬಿಡಬೇಕೆಂಬುದು ಅವರ ಕಾನೂನು. ಜನರಲ್ ಮ್ಯಾನೇಜರೂ ಬೂಟಿನ ದಾರ ಬಿಚ್ಚುತ್ತಾ ಒಂಟಿಕಾಲಲ್ಲಿ ಕುಣಿಯುವುದನ್ನು ನೋಡಿದ್ದೇನೆ. ಒಳಗೆ ಕೊರೆಯುವ ಚಳಿ. ಮೊಳೆಗೆ ನೇತುಹಾಕಿದ್ದ ತೋಳಿಲ್ಲದ ಸ್ವೆಟರನ್ನು ಅಂಗಿಯ ಮೇಲೆ ಏರಿಸಿಕೊಂಡು, ದಾರ ಕಟ್ಟಿದ ಕನ್ನಡಕವನ್ನು ಮೂಗಿಗಿಳಿಸಿ, ಮೊದಲ ದಿನ ನನ್ನನ್ನು ಕೇಳಿದರು.

"ಏನು ಓದಿದೀಯಮ್ಮಾ?"

"ಫಿಸಿಕ್ಸ್ ಸರ್. ಎಂ.ಎಸ್ಸಿ."

"ಯೂನಿವರ್ಸಿಟೀಲಾ?"

"ಹೌದು ಸರ್."

"ಪಾಪ," ಎಂದರು. ಅಲ್ಲಿಂದ ಮುಂದೆ ನನ್ನ ಹೆಸರು ಯೂನಿವರ್ಸಿಟಿ ಎಂದೇ ಆಯಿತು.

ಪಾಠವೂ ಅವತ್ತೇ ಮುಗಿಯಿತು. ಬೀರುವಿನಷ್ಟು ಎತ್ತರದ ಕಪಾಟಿನಲ್ಲಿ ಸಾಲುಸಾಲಾಗಿ ಡಿಸ್ಕುಗಳು ಮಿಣುಕುತ್ತಿದ್ದವು. "ಶಿವಾಜಿನಗರದಲ್ಲಿ ನಮ್ಮಣ್ಣಂದು ಹಳೇ ಗಾಡಿ ಸಾಮಾನಿನ ಗೋಡೌನ್ ಇದೆ. ಮೂರಿದೆ. ಗಿರಾಕಿ ಜಾಗ ಕೇಳ್ತಾನೆ. ಒಂದರಲ್ಲೂ ಅಷ್ಟು ಜಾಗ ಇಲ್ಲ. ಏನ್ಮಾಡ್ತೀನಿ? ಮೂರರಲ್ಲೂ ಒಂದೊಂದು ಮೂಲೆ ಕೊಟ್ಟು ಅವ್ನಿಗೆ ಒಂದೇ ಬಾಗಿಲು ತೋರಿಸ್ತೀನಿ. ಗೋಡೌನೆಲ್ಲಾ ಸೇರಿದ್ರೆ ಡಿಸ್ಕ್ ಗ್ರೂಪು. ಬಾಗಿಲು ವಾಲ್ಯೂಮು. ಇನ್ನೇನಿದೆ ಕಲಿಯೋಕೆ?"

ಇಷ್ಟು ಚೆನ್ನಾಗಿ ನನಗೆ ಯಾರೂ ಏನನ್ನೂ ಕಲಿಸಿರಲಿಲ್ಲ. ಕಷ್ಟ ಶುರುವಾದದ್ದು ಆಮೇಲೆ, ಅವರ ಜೊತೆ ಕೆಲಸ ಮಾಡಬೇಕಾಗಿ ಬಂದಾಗ.

ಯಾವ ವಿಭಾಗದವರು ಬಂದು ಜಾಗ ಕೇಳಿದರೂ ಅವರ ಮೊದಲ ಉತ್ತರ "ನಕ್ಕೋ." ಬೇಡ ಎಂದು. ಎರಡನೆಯದು, "ಏನಿಡ್ತೀರಾ ಅದ್ರಲ್ಲಿ?" ಕಾಗದದ ಮೇಲೆ ಬರೆದು ಕಳಿಸಿದರೆ ಒಪ್ಪುತ್ತಿರಲಿಲ್ಲ. ಖುದ್ದಾಗಿ ಬಂದು, ಚಪ್ಪಲಿ ಬಿಟ್ಟು, ಚಳಿಯಲ್ಲಿ ನಿಂತು ಹೇಳಬೇಕು. ಬೆನ್ನ ಹಿಂದೆ ಎಲ್ಲರೂ ಅವರನ್ನು ನಕ್ಕೋ ಸಾಹೇಬ್ರು ಎನ್ನುತ್ತಿದ್ದರು. ಅವರಿಗೆ ಗೊತ್ತಿತ್ತೆಂದು ಕಾಣುತ್ತದೆ.

ವಾಲ್ಯೂಮುಗಳಿಗೆ ಅವರು ಇಡುತ್ತಿದ್ದ ಹೆಸರುಗಳನ್ನು ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಲೆಕ್ಕದ ವಿಭಾಗದ್ದು ಹಲಸೂರು. ಸಂಬಳದ್ದು ಬೆನ್ನಿಗಾನಹಳ್ಳಿ. ಜನರಲ್ ಮ್ಯಾನೇಜರ ಕಡತಗಳೆಲ್ಲ ಟಿನ್ ಫ್ಯಾಕ್ಟರಿ. ಜಾಗ ಕೇಳಲು ಬಂದವರು ಯಾವ ಸ್ಟಾಪಿನಲ್ಲಿ ಬಸ್ಸು ಹತ್ತುತ್ತಾರೋ ಅದೇ ಹೆಸರು. "ಸರ್, ಡಿಪಾರ್ಟ್‌ಮೆಂಟ್ ಹೆಸರು ಇಡಬಹುದಲ್ಲಾ?" ಎಂದರೆ, "ಡಿಪಾರ್ಟ್‌ಮೆಂಟ್ ಹೆಸರು ಆರು ತಿಂಗಳಿಗೊಂದ್ಸಲ ಬದಲಾಗತ್ತೆ. ಬಸ್ ಸ್ಟಾಪ್ ಎಲ್ಲಿಗಮ್ಮಾ ಹೋಗತ್ತೆ?" ಎನ್ನುವರು. ನಮ್ಮಲ್ಲಿ ಗುತ್ತಿಗೆಯ ಮೇಲೆ ನಕ್ಷೆ ಬರೆಯುತ್ತಿದ್ದ ಸೆಲ್ವಿಯದು ಜೋಗುಪಾಳ್ಯ.

ಇನ್ನು ರಿಜಿಸ್ಟರ್. ಉದ್ದನೆಯ, ಗಟ್ಟಿ ರಟ್ಟಿನ ಪುಸ್ತಕ. ಪ್ರತಿಯೊಂದು ವಾಲ್ಯೂಮಿನ ಪ್ರತಿಯೊಂದು ತುಂಡೂ ಯಾವ ಡಿಸ್ಕಿನಲ್ಲಿ, ಎಷ್ಟನೇ ಅಂಕಿಯಿಂದ ಶುರುವಾಗಿ ಎಷ್ಟು ಉದ್ದವಿದೆ ಎಂಬುದನ್ನು ಅದರಲ್ಲಿ ಕೈಯಾರೆ ಬರೆಯಬೇಕು. ಎಂಟೆಂಟು ಅಂಕಿಯ ಸಂಖ್ಯೆಗಳು. ಯಂತ್ರ ತಾನೇ ಆ ಪಟ್ಟಿಯ ಪ್ರತಿ ಇಟ್ಟುಕೊಳ್ಳುತ್ತದೆ, ದಿನಾ ಬೆಳಿಗ್ಗೆ ಹೊಸದು ಮಾಡಿ ಹಳೆಯದರ ಮೇಲೆ ಬರೆಯುತ್ತದೆ ಎಂದು ನಾನು ವಾದಿಸಿದೆ. "ಹೌದಾ? ಒಳ್ಳೇದಾಯ್ತು. ನೀನೂ ಬರಿ," ಎಂದರು. ಸಂಜೆ ಐದಾದರೆ "ರಿಜಿಸ್ಟರ್" ಎಂದು ಕೈ ಚಾಚಿ, ಸಾಲುಸಾಲಿನ ಮೇಲೂ ಬೆರಳಾಡಿಸಿ ಮುಚ್ಚುತ್ತಿದ್ದರು.

ಎಲ್ಲಕ್ಕಿಂತ ತಲೆನೋವು ಆ ನಲವತ್ತು ದಿನ. ಒಂದು ಕೆಲಸ ಮುಗಿದು, ಇನ್ನು ಈ ವಾಲ್ಯೂಮ್ ಬೇಡವೆಂದು ಎಲ್ಲರೂ ಸಹಿ ಹಾಕಿಕೊಟ್ಟರೂ ಅವರು ಅಳಿಸುತ್ತಿರಲಿಲ್ಲ. ಅದನ್ನು ಸರ್ವರಿನಿಂದ ಬಿಡಿಸಿ, ಹೆಸರಿನ ಹಿಂದೆ "ಹಳೇ" ಎಂದು ಸೇರಿಸಿ, ನಲವತ್ತು ದಿನ ಸುಮ್ಮನೆ ಇಡುತ್ತಿದ್ದರು. ಹೊರಗೆ ಜಾಗವಿಲ್ಲವೆಂದು ಜನ ಜಗಳಕ್ಕೆ ಬರುತ್ತಿದ್ದರೆ ಒಳಗೆ ಹಳೇ ಹಲಸೂರು, ಹಳೇ ಕೆ.ಆರ್. ಪುರಂ ಎಲ್ಲ ಕಾಲು ಚಾಚಿ ಮಲಗಿರುತ್ತಿದ್ದವು.

"ನಲವತ್ತೇ ಯಾಕೆ ಸರ್? ಮೂವತ್ತು ಸಾಲ್ದಾ?"

"ಮನುಷ್ಯ ಹೋದ್ರೆ ನಮ್ಮನೇಲಿ ಅವ್ನ ಬಟ್ಟೆಬರೆ ನಲವತ್ತು ದಿನ ಮುಟ್ಟಲ್ಲ. ಅಷ್ಟರೊಳಗೆ ಯಾರಾದ್ರೂ ಬಂದು, ಇದು ನಂದು, ಅವ್ರ ಹತ್ರ ಇತ್ತು ಅಂತಾರೆ. ಬಂದೇ ಬರ್ತಾರೆ."

ಇದು ನನ್ನ ನೆನಪು. ದಿನಚರಿಯಲ್ಲಿ ಇರುವುದು ಇಷ್ಟೇ: "ನಲವತ್ತು ಯಾಕೆಂದು ಕೇಳಿದೆ. ನಕ್ಕರು." ಹಾಗಾದರೆ ಆ ಉತ್ತರ ಅವರು ಬೇರೆ ದಿನ ಕೊಟ್ಟದ್ದೋ, ಬೇರೆಯವರು ಹೇಳಿದ್ದನ್ನು ನಾನು ಅವರ ಬಾಯಲ್ಲಿ ಇಟ್ಟದ್ದೋ ಗೊತ್ತಿಲ್ಲ. ಧ್ವನಿ ಮಾತ್ರ ಅವರದೇ ಕೇಳಿಸುತ್ತದೆ.

ಒಂದು ಶುಕ್ರವಾರ ಹೊಸ ಡಿಸ್ಕುಗಳು ಬಂದು, ಇದ್ದ ವಾಲ್ಯೂಮುಗಳನ್ನೆಲ್ಲ ಅವುಗಳಿಗೆ ಸಾಗಿಸಿದೆವು. ಹೊಸ ವಿಳಾಸಗಳನ್ನು ರಿಜಿಸ್ಟರಿಗೆ ಇಳಿಸುವುದು ನನ್ನ ಪಾಲಿಗೆ ಬಂತು. ಪುಟದ ಅರ್ಧಕ್ಕೆ ಬರುವ ಹೊತ್ತಿಗೆ ಬೆರಳು ನೋಯುತ್ತಿತ್ತು, ರೋಷ ಉಕ್ಕುತ್ತಿತ್ತು. ಯಾರು ಓದುತ್ತಾರೆ ಇದನ್ನು? ಸಾಹೇಬರು ಬೆರಳಾಡಿಸುತ್ತಾರೆ, ಅಷ್ಟೇ. ಮೇಲಿನಂತೆಯೇ ಎನ್ನುವ ಎರಡು ಗೀಟು ಎಳೆದೆ. ಡಿಟ್ಟೊ. ಕೆಳಗಿನ ಸಾಲಿಗೂ ಡಿಟ್ಟೊ. ಹನ್ನೊಂದು ಸಾಲಿಗೆ ಹಾಗೆ ಎಳೆದು ಬಸ್ಸಿಗೆ ಓಡಿದೆ. ಮೇಲಿನಂತೆಯೇ ಇರಲು ಸಾಧ್ಯವೇ ಇಲ್ಲ. ಇಬ್ಬರು ಗಿರಾಕಿಗಳ ಸಾಮಾನು ಒಂದೇ ಮೂಲೆಯಲ್ಲಿ ಇರುತ್ತದೆಯೇ? ಎಂ.ಎಸ್ಸಿ. ಓದಿದ ನನಗೆ ಅದು ತಿಳಿಯದ್ದಲ್ಲ.

ಸೆಲ್ವಿಯ ಕೆಲಸ ಮುಗಿದದ್ದು ಅದರ ಮುಂದಿನ ವಾರ. ಒಂದು ಕಾರ್ಖಾನೆಯವರ ಹಳೆಯ ಯಂತ್ರಗಳ ಬಿಡಿಭಾಗಗಳ ನಕ್ಷೆಗಳು, ಮುಟ್ಟಿದರೆ ಪುಡಿಯಾಗುವ ಹಾಳೆಗಳಲ್ಲಿದ್ದವನ್ನು, ಅವಳು ಎರಡು ವರ್ಷ ಕೂತು ಕಂಪ್ಯೂಟರಿನಲ್ಲಿ ಹೊಸದಾಗಿ ಬರೆದಿದ್ದಳು. ಹಾಳೆಗಳನ್ನು ಎಸೆದಾಗಿತ್ತು. ಅಷ್ಟರಲ್ಲಿ ಕಾರ್ಖಾನೆಯವರು ಮನಸ್ಸು ಬದಲಿಸಿ, ಸದ್ಯಕ್ಕೆ ಬೇಡ ಎಂದರು. ಜೋಗುಪಾಳ್ಯ ಹಳೇ ಜೋಗುಪಾಳ್ಯವಾಗಿ ಮಲಗಿತು. ಅದರ ಪ್ರತಿ ಇಟ್ಟಿದ್ದ ಟೇಪುಗಳು ಮೂರು ವಾರಕ್ಕೆ ಮರುಬಳಕೆಗೆ ಹೋದವು.

ಮೂವತ್ತೊಂದನೆಯ ದಿನ, ಗುರುವಾರ, ಸಾಹೇಬರು ಮದುವೆಯೊಂದಕ್ಕೆಂದು ಎರಡು ದಿನ ರಜೆಯಲ್ಲಿದ್ದರು. ನಮ್ಮ ಮ್ಯಾನೇಜರ್ ಪ್ರಭಾಕರ್ ಬಂದು, "ಸತ್ತಿರೋ ವಾಲ್ಯೂಮಿಗೆ ಪೂಜೆ ಮಾಡ್ತಾ ಕೂತಿದೀರೇನ್ರೀ? ಹೊಸ ಪ್ರಾಜೆಕ್ಟಿಗೆ ಸಂಜೆ ಒಳಗೆ ಜಾಗ ಬೇಕು," ಎಂದು ಕೂಗಾಡಿದರು. ಪ್ರಭಾಕರ್ ಒತ್ತಾಯಕ್ಕೆ ಅದನ್ನು ಅಳಿಸಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ದಿನಚರಿಯಲ್ಲಿ ಆ ಗುರುವಾರದ ಕೆಳಗೆ ಒಂದೇ ಪದ ಇದೆ: "ಕೊನೆಗೂ."

ಶನಿವಾರ ಅವರು ವಾಪಸ್ ಬಂದು ಸ್ವೆಟರು ಹಾಕಿಕೊಳ್ಳುತ್ತಿರುವಾಗಲೇ ಸೆಲ್ವಿ ಚಪ್ಪಲಿ ಬಿಸುಟು ಒಳಗೆ ಓಡಿಬಂದಳು.

"ಭಾಯ್, ನಮ್ ಜೋಗುಪಾಳ್ಯ ವಾಪಸ್ ತೆಗೀರಿ! ಫ್ಯಾಕ್ಟ್ರಿಯವ್ರಿಗೆ ಡ್ರಾಯಿಂಗ್ ಬೇಕಂತೆ. ಸೋಮವಾರ ಅವ್ರ ಇಂಜಿನಿಯರೇ ಬರ್ತಾರೆ. ಎಲ್ಲಾ ಸರಿಯಿದ್ರೆ ನನ್ನ ಅಲ್ಲೇ ಪರ್ಮನೆಂಟ್ ತಗೋತಾರಂತೆ!"

ಅವರ ಮುಖ ಅರಳಿತು. "ನೋಡಿದ್ಯಾ ಯೂನಿವರ್ಸಿಟಿ? ಇವತ್ತು ಎಷ್ಟನೇ ದಿನ?"

"ಮೂವತ್ಮೂರು," ಎಂದೆ. ಎಣಿಸಬೇಕಾಗಿರಲಿಲ್ಲ.

ಅವರು ಕೀಲಿಮಣೆಯ ಮೇಲೆ ನಿಧಾನವಾಗಿ ಟೈಪ್ ಮಾಡಿದರು. ಪರದೆ ನೋಡಿದರು. ಇನ್ನೊಮ್ಮೆ ಟೈಪ್ ಮಾಡಿದರು. ಕನ್ನಡಕ ತೆಗೆದು ಸ್ವೆಟರಿನ ಅಂಚಿಗೆ ಒರೆಸಿಕೊಂಡರು. "ಸೆಲ್ವೀ, ಕೆಳಗೆ ಹೋಗಿ ಮೂರು ಟೀ ಹೇಳ್ಬಿಟ್ಟು ಬಾರಮ್ಮಾ," ಎಂದು ಅವಳನ್ನು ಕಳಿಸಿ ನನ್ನ ಕಡೆ ತಿರುಗಿದರು.

"ಯಾವಾಗ?"

"ಗುರುವಾರ ಸರ್."

"ಆ ಜಾಗದ ಮೇಲೆ ಏನಾದ್ರೂ ಬರ್ದಿದಾರಾ?"

"ಇಲ್ಲ ಸರ್. ಹೊಸ ಪ್ರಾಜೆಕ್ಟಿನ ಸರ್ವರ್ ಇನ್ನೂ ಬಂದಿಲ್ಲ."

"ಮತ್ತೆ ಜಲ್ದಿ ಕೈಕು?"

ಅವಸರ ಏನಿತ್ತು ಎಂದು. ಬೈದದ್ದು ಅಷ್ಟೇ. ನಂತರ ಬೆರಳು ಮಡಚುತ್ತಾ ಹೇಳಿದರು: "ನೀನು ಕಿತ್ತಿರೋದು ಬಾಗಿಲು. ಸಾಮಾನು ಮೂರು ಮೂಲೇಲೂ ಹಾಗೇ ಇದೆ. ಮೂಲೆ ಎಲ್ಲಿದೆ ಅಂತ ಗೊತ್ತಿದ್ರೆ ಅಲ್ಲೇ ಇನ್ನೊಂದು ಬಾಗಿಲು ಇಡಬಹುದು. ಯಂತ್ರದ ಹತ್ರ ಇದ್ದ ಪಟ್ಟಿ ನಿನ್ನೆ ಬೆಳಿಗ್ಗೇನೇ ಹೋಯ್ತು. ರಿಜಿಸ್ಟರ್ ಇದೆಯಲ್ಲಾ. ತಗೊಂಡ್ ಬಾ."

ರಿಜಿಸ್ಟರ್ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಜೋಗುಪಾಳ್ಯಕ್ಕೆ ಮೂರು ಸಾಲು. ಎರಡರಲ್ಲಿ ಅಂಕಿಗಳಿದ್ದವು. ಮೂರನೆಯದರಲ್ಲಿ ಎರಡು ಗೀಟು. ಅವರು ಆ ಗೀಟುಗಳ ಮೇಲೆ ಬೆರಳಿಟ್ಟರು, ತೆಗೆದರು. ಏನೂ ಹೇಳಲಿಲ್ಲ. ಒಂದು ಏಟು ಹಾಕಿದ್ದರೂ ಸಹಿಸಬಹುದಿತ್ತು. ಆ ಸುಮ್ಮನಿರುವುದನ್ನು ಸಹಿಸುವುದು ಹೇಗೆ?

ಆಗಲೇ ಪ್ರಭಾಕರ್ ಬಂದರು, ಹಿಂದೆಯೇ ಸೆಲ್ವಿ. "ಏನಾಯ್ತು?" ಎಂದು ಕೇಳಿದರು. "ಡಿಸ್ಕ್ ಪ್ರಾಬ್ಲಂ," ಎಂಬ ಉತ್ತರ ಹೋಯಿತು.

ಅದು ಸಾಹೇಬರ ಧ್ವನಿಯಲ್ಲಿಯೇ ನನಗೆ ನೆನಪಿದೆ. ನನ್ನನ್ನು ಉಳಿಸಲು ಅವರೇ ಹೇಳಿದರೆಂದು ನಂಬಿಕೊಂಡು ಬಂದಿದ್ದೇನೆ. ಈಗ ಬರೆಯುವಾಗ ಅನುಮಾನ. ಪ್ರಾಬ್ಲಂ ಎಂಬ ಪದವನ್ನು ಅವರು ಬಳಸಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಎಂಥ ತೊಂದರೆಯೂ ಅವರಿಗೆ "ಲಫ್ಡಾ." ಕೋಣೆಯಲ್ಲಿ ಇದ್ದ ಇನ್ನೊಬ್ಬಳು ನಾನು. ದಿನಚರಿ ಈ ವಿಷಯದಲ್ಲಿ ಬಾಯಿ ಬಿಡುವುದಿಲ್ಲ. ಅವರು ಅಲ್ಲಗಳೆಯಲಿಲ್ಲ ಎಂಬುದು ಮಾತ್ರ ನಿಜ. "ಸ್ಟೋರೇಜ್‌ನವ್ರು ಹುಡುಕ್ತಾರೆ ಪ್ರಭಾಕರ್. ನೀವು ಟೀ ಕುಡೀರಿ," ಎಂದರು.

ಹುಡುಕಿದ್ದು ಹೀಗೆ. ಅವರು ಯಾವ ತುಂಡನ್ನೂ ಮನಸ್ಸಿಗೆ ಬಂದ ಕಡೆ ಶುರುಮಾಡುತ್ತಿರಲಿಲ್ಲ. ಗೋಡೌನಿನ ನೆಲಕ್ಕೆ ಸುಣ್ಣದ ಪಟ್ಟಿ ಎಳೆದಂತೆ, ಸಮ ಅಂತರದ ಗುರುತುಗಳಿಂದಲೇ ಶುರು. ಹಾಗಾಗಿ ಆ ಮೂರನೆಯ ಮೂಲೆ ಇರಬಹುದಾದ ಜಾಗಗಳು ಅರವತ್ತು ಚಿಲ್ಲರೆ. ಒಂದೊಂದನ್ನೂ ಹಚ್ಚಿ ನೋಡುವುದು. ಮೊದಲೆರಡು ತುಂಡಿಗೆ ಇದನ್ನು ಜೋಡಿಸಿ ಬಾಗಿಲು ತೆರೆದರೆ, ಸೆಲ್ವಿ ತಾನು ಕೊನೆಯಲ್ಲಿ ಬರೆದಿದ್ದ ಗೇರ್ ಬಾಕ್ಸ್ ಮುಚ್ಚಳದ ನಕ್ಷೆಯನ್ನು ತೆಗೆಯುವುದು. ಜಾಗ ತಪ್ಪಾಗಿದ್ದರೆ ಅದು ತೆರೆಯುವುದಿಲ್ಲ. ಬಿಚ್ಚು, ಮುಂದಿನದು.

"ಬಂತಾಮ್ಮಾ?"

"ಇಲ್ಲ ಭಾಯ್."

"ಬರಿ, ಯೂನಿವರ್ಸಿಟಿ."

ಪ್ರತಿಯೊಂದು ಸೋಲನ್ನೂ ನಾನು ರಿಜಿಸ್ಟರಿನಲ್ಲಿ ಪೂರ್ತಿ ಬರೆಯಬೇಕು. ಡಿಸ್ಕು, ಆರಂಭ, ಉದ್ದ, ಎಂಟೆಂಟು ಅಂಕಿ. ನಾನು ಮುಗಿಸುವ ತನಕ ಮುಂದಿನದಕ್ಕೆ ಕೈಹಾಕುತ್ತಿರಲಿಲ್ಲ. ಶನಿವಾರ ಸಂಜೆಯಾದಾಗ ಪ್ರಭಾಕರ್, "ಬರೆಯೋದು ಆಮೇಲೆ ಮಾಡ್ಕೊಳ್ರೀ, ಸೋಮವಾರ ಅವ್ರು ಬರ್ತಿದಾರೆ!" ಎಂದು ಕಿರುಚಿದರು. ನನಗೂ ಹಾಗೇ ಅನಿಸುತ್ತಿತ್ತು. ಸಾಹೇಬರು ಪೆನ್ನಿನ ಮುಚ್ಚಳವನ್ನು ನನ್ನ ಕೈಯಿಂದ ತೆಗೆದು ಪೆನ್ನಿನ ಹಿಂದಕ್ಕೆ ಸಿಕ್ಕಿಸಿಕೊಟ್ಟರು, ಅಷ್ಟೇ.

ಭಾನುವಾರ ಮತ್ತೆ ಬಂದೆವು. ಸೆಲ್ವಿ ಮನೆಯಿಂದ ಲೆಮನ್ ರೈಸ್ ತಂದಿದ್ದಳು. ಯಾರೂ ಡಬ್ಬಿ ತೆರೆಯಲಿಲ್ಲ. ಅವಳ ಮುಖದಲ್ಲಿದ್ದ ಪರ್ಮನೆಂಟಿನ ಉತ್ಸಾಹ ಪೂರ್ತಿ ಇಳಿದಿತ್ತು. "ಇಲ್ಲ ಭಾಯ್" ಎನ್ನುವಾಗ ಈಗ ಪರದೆಯನ್ನೂ ಸರಿಯಾಗಿ ನೋಡುತ್ತಿರಲಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ, ಹಾಗೆಯೇ ಅರ್ಧ ತಿರುಗಿಕೊಂಡು ಒತ್ತಿದವಳು, ಪರದೆಯ ಕಡೆ ಪೂರ್ತಿ ತಿರುಗಿದಳು. ಪರದೆಯ ಮೇಲೆ ಬೆರಳಿಟ್ಟು ಬೋಲ್ಟಿನ ತೂತುಗಳನ್ನು ತಮಿಳಿನಲ್ಲಿ ಎಣಿಸತೊಡಗಿದಳು. ಒಣ್ಣು, ರೆಂಡು, ಮೂಣು. ಹನ್ನೆರಡಕ್ಕೆ ಬಂದು, "ಭಾಯ್, ನಂದೇ ಇದು," ಎಂದು ಅತ್ತುಬಿಟ್ಟಳು.

"ಇನ್ನೊಂದು ತೆಗಿ," ಎಂದರು ಅವರು.

ದೇವರೇ! ಸಿಕ್ಕಿತು ಎಂದು ಒಂದು ಕ್ಷಣ ಕೂಡ ಕೂರಲಿಲ್ಲ ಆ ಮನುಷ್ಯ. ಒಂದೊಂದಾಗಿ ಎಲ್ಲ ನಕ್ಷೆಗಳನ್ನೂ ಅವಳ ಕೈಲಿ ತೆಗೆಸಿ, ಸಂಜೆಯವರೆಗೆ ನೋಡಿದರು. ಆಮೇಲೆ ಆ ಎರಡು ಗೀಟಿನ ಪಕ್ಕ ನನ್ನಿಂದಲೇ ಸರಿಯಾದ ಅಂಕಿ ಬರೆಸಿದರು. ಸೋಮವಾರ ಇಂಜಿನಿಯರ್ ಬಂದು ನಕ್ಷೆಗಳ ಪ್ರತಿ ತೆಗೆದುಕೊಂಡು ಹೋದರು. ಸೆಲ್ವಿಗೆ ಕೆಲಸ ಸಿಕ್ಕಿತು, ಇವತ್ತಿಗೂ ಅಲ್ಲೇ ಇದ್ದಾಳೆ. ಇನ್ನಾದರೂ ಜೋಗುಪಾಳ್ಯ ಅಳಿಸಬಹುದೇ ಎಂದು ಪ್ರಭಾಕರ್ ಕೇಳಿದರೆ, "ಈಗ ತಾನೇ ಎದ್ದಿದೆ. ಮತ್ತೆ ಒಂದರಿಂದ ನಲವತ್ತು," ಎಂದರು.

ಡಿಟ್ಟೊ ಬಗ್ಗೆ ಅವರು ಆವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಕೆಲವು ವರ್ಷಗಳ ನಂತರ ಅವರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಎರಡು ಮಾತು ಆಡಿ ಎಂದರೆ ಎದ್ದುನಿಂತು, "ಟೀ ಆರ್ತಾ ಇದೆ," ಎಂದು ಕೂತರು. ಹೋಗುವಾಗ ಪೇಪರಿನಲ್ಲಿ ಸುತ್ತಿದ ರಿಜಿಸ್ಟರನ್ನು ನನ್ನ ಮೇಜಿನ ಮೇಲೆ ಇಟ್ಟು, "ನಿಂದೇ ಇದು," ಎಂದರು. ಮನೆಗೆ ತಂದು ಟ್ರಂಕಿಗೆ ಹಾಕಿದವಳು ಆ ಪುಟವನ್ನು ಇಲ್ಲಿಯವರೆಗೆ ತೆರೆದಿರಲಿಲ್ಲ.

ಸೆಲ್ವಿಯ ಫೋನ್ ಬಂದ ಭಾನುವಾರ ತೆರೆದೆ. ಹನ್ನೊಂದು ಡಿಟ್ಟೊಗಳ ಪಕ್ಕದಲ್ಲೂ ಪೆನ್ಸಿಲಿನ ಒಂದೊಂದು ಚುಕ್ಕೆ. ಆ ಚುಕ್ಕೆಗಳನ್ನು ಅಂದೇ ನೋಡಿದ್ದೆನೇನೋ, ಹುಡುಕುವಾಗ ಹಾಕಿದ್ದಿರಬೇಕು ಎಂದುಕೊಂಡಿದ್ದೆನೇನೋ. ಆದರೆ ಪುಟದ ಬುಡದಲ್ಲಿ ಅದೇ ಪೆನ್ಸಿಲಿನಲ್ಲಿ, ಅವರ ಪುಟ್ಟ ಅಕ್ಷರದಲ್ಲಿ, ಒಂದು ತಾರೀಕು. ಪುಟದ ತಲೆಯಲ್ಲಿ ನಾನು ಬರೆದ ತಾರೀಕಿನಿಂದ ಎಣಿಸಿದೆ. ಮೂವತ್ತೊಂಬತ್ತು ಬಂತು. ಬರೆದ ದಿನವನ್ನೂ ಸೇರಿಸಿ ಮತ್ತೆ ಎಣಿಸಿದೆ. ನಲವತ್ತು.

ಅಂದರೆ ಬರೆದ ಸಂಜೆಯೇ, ಎಂದಿನಂತೆ ಬೆರಳಾಡಿಸುವಾಗಲೇ, ಅವರು ನೋಡಿದ್ದರು. ನಾನಾಗಿಯೇ ಬಂದು ಸರಿಮಾಡಲೆಂದು ನನಗೂ ನಲವತ್ತು ದಿನ ಇಟ್ಟಿದ್ದರು. ಆ ತಾರೀಕು ಯಾವ ದಿನ ಬೀಳುತ್ತದೆಂದು ದಿನಚರಿಯಲ್ಲಿ ಹುಡುಕಿದೆ. ನಕ್ಷೆ ಸಿಕ್ಕಿದ ಭಾನುವಾರ ಕಳೆದು ಬಂದ ಮಂಗಳವಾರ. ಅವತ್ತು ನಾನು ಬರೆದಿದ್ದೆ: "ಸಾಹೇಬರು ಇವತ್ತು ರಿಜಿಸ್ಟರ್ ಕೇಳಲಿಲ್ಲ. ಆಶ್ಚರ್ಯ."

ಸಿಟ್ಟು ಬಂದದ್ದು ಇದಕ್ಕೇ. ಸರ್, ಮೊದಲ ದಿನವೇ ಕರೆದು, "ಏನಮ್ಮಾ ಇದು?" ಎಂದಿದ್ದರೆ ಐದು ನಿಮಿಷದ ಕೆಲಸ. ನಾನು ಬೈದುಕೊಳ್ಳುತ್ತಾ ತಿದ್ದುತ್ತಿದ್ದೆ. ಸೆಲ್ವಿ ಎರಡು ದಿನ ಆ ಮುಚ್ಚಳದ ಮುಂದೆ ಸಾಯಬೇಕಾಗಿರಲಿಲ್ಲ. ಕಾಯುವುದು ದೊಡ್ಡ ಗುಣವೆಂದು ನಿಮಗೆ ಯಾರು ಹೇಳಿದರು? ಇಷ್ಟು ಬರೆದ ಮೇಲೆ ಪೆನ್ನು ನಿಂತಿತು. ಅವರು ಕಾದದ್ದು ನಲವತ್ತು ದಿನ. ನಾನು ಸುಮ್ಮನಿರುವುದು ಎಷ್ಟನೇ ವರ್ಷ?

ನಿನ್ನೆ ಸೆಲ್ವಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಗುರುವಾರದ್ದು, ಡಿಟ್ಟೊ, ಡಿಸ್ಕ್ ಪ್ರಾಬ್ಲಂ.

"ಎರಡು ಗೀಟಿಗಾ?" ಎಂದಳು. "ನಾನು ಆ ಮುಚ್ಚಳ ಅಷ್ಟು ಸಲ ತೆಗೆದಿದ್ದು ಎರಡು ಗೀಟಿಗಾ?"

"ಹೌದು ಸೆಲ್ವಿ."

"ಫೋನ್ ಇಡ್ರೀ," ಎಂದಳು. ಅಕ್ಕಾ ಎನ್ನಲಿಲ್ಲ.

ಇವತ್ತು ಬೆಳಿಗ್ಗೆ ಅವಳೇ ಫೋನ್ ಮಾಡಿದಳು. "ಶುಕ್ರವಾರ ಹನ್ನೊಂದು ಗಂಟೆಗೆ. ಬರುವಾಗ ಆ ರಿಜಿಸ್ಟರ್ ತಗೊಂಡ್ ಬನ್ನಿ, ನನ್ನ ಕಣ್ಣಲ್ಲೇ ನೋಡ್ಬೇಕು," ಎಂದು, ನಾನು ಬಾಯಿ ತೆರೆಯುವ ಮೊದಲೇ ಇಟ್ಟಳು.

ಹತ್ತು ಸಾಲು ಇನ್ನೂ ಡಿಟ್ಟೊಗಳಾಗಿಯೇ ಉಳಿದಿವೆ. ಆ ಡಿಸ್ಕುಗಳು ಯಾವಾಗಲೋ ಗುಜರಿಗೆ ಹೋದವು. ತಿದ್ದಲು ಅಂಕಿ ಎಲ್ಲಿಂದ ತರಲಿ? ರಿಜಿಸ್ಟರನ್ನು ಹಾಗೆಯೇ ಚೀಲಕ್ಕೆ ಹಾಕಿದ್ದೇನೆ.